ಹತ್ತು ಎಕರೆ ಗಂಡ

ನಮ್ಮೂರ ಮಾರಮ್ಮನ ಮೇಲಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅರಿಶಿನಕುಂಟೆಯಿಂದ ಜರ್ಮನಿಗೆ ಹೋಗಿ, ಅಲ್ಲಿಯವಳನ್ನೇ ಕಟ್ಟಿಕೊಂಡು, ಅಲ್ಲಿಯ ಸರ್ಕಾರಕ್ಕೇ ತೆರಿಗೆ ಲೆಕ್ಕ ಒಪ್ಪಿಸಿದ ಗಂಡು ನಾನೊಬ್ಬನೇ. ಫಾರಂ ಕೈಗೆ ಬಂತು ಅಂದರೆ ನನಗೆ ಏನಾದರೊಂದು ಆಗಲೇಬೇಕು.

ಪ್ರಪಂಚದಲ್ಲಿ ಎಲ್ಲೇ ಇರಲಿ

ಮದುವೆಗೆ ಮುಂಚೆ ಅವಳಿಗೆ ಹೇಳಿದ್ದೆ, "ಊರಲ್ಲಿ ಹೆದ್ದಾರಿ ಪಕ್ಕ ಹತ್ತು ಎಕರೆ ನಂದು." ಹೆಣ್ಣು ನೋಡೋಕೆ ಹೋದಾಗ ನಮ್ಮ ಕಡೆ ಯಾರು ತಾನೇ ಕಮ್ಮಿ ಹೇಳ್ತಾರೆ? ಆದರೆ ಇವಳು ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಹೆಂಗಸು. ಮೊದಲ ವರ್ಷ ಇಬ್ಬರಿಗೂ ಸೇರಿ ಒಂದೇ ತೆರಿಗೆ ಫಾರಂ. ನೀಟಾಗಿ ಬರೆದಳು: ಹತ್ತು ಎಕರೆ.

"ಅಯ್ಯೋ, ಅದನ್ಯಾಕೆ ಬರೀತೀಯ?"

"ಪ್ರಪಂಚದಲ್ಲಿ ಎಲ್ಲೇ ಆದಾಯ ಇದ್ದರೂ ಹೇಳಬೇಕು."

"ಅದು ಊರಲ್ಲಿದೆ ಕಣೇ."

"ನಿಮ್ಮೂರು ಪ್ರಪಂಚದಲ್ಲಿ ಇಲ್ವಾ?"

ತಾತ

ತೆರಿಗೆ ಕಚೇರಿಯಿಂದ ಕಾಗದ ಬಂತು: ಜಮೀನಿನ ದಾಖಲೆ ಕೊಡಿ. ಅವಳು ನನ್ನ ಮುಖ ನೋಡಿ ಹೇಳಿದಳು, "ಇದು ಸುಳ್ಳಾಗಿದ್ದರೆ ಇನ್ನು ಮುಂದೆ ನಿನ್ನ ಜೊತೆ ಒಂದೇ ಫಾರಮ್ಮಿಗೆ ಸಹಿ ಹಾಕಲ್ಲ." ಅವಳ ದೇಶದಲ್ಲಿ ಗಂಡ ಹೆಂಡತಿ ಬೇರೆಯಾಗೋದು ಹಾಗೇ ಶುರುವಾಗುತ್ತೇನೋ ಅಂತ ಹೆದರಿ ಊರಿಗೆ ಫೋನ್ ಹಚ್ಚಿದೆ.

"ಚಿಕ್ಕಪ್ಪ, ಅರ್ಜೆಂಟಾಗಿ ಪಹಣಿ ಬೇಕು."

"ಎಷ್ಟು ಅಂತ ಬರ್ದಿದ್ದೀಯ?"

"ಹತ್ತೆಕರೆ."

"ಲೋ, ನಮ್ಮ ಇಡೀ ವಂಶಕ್ಕೇ ಇರೋದು ಎರಡೆಕರೆ! ಪಾಲಿಗೆ ಹದಿನಾಲ್ಕು ಜನ. ಸತ್ತವರ ಹೆಸರು ತೆಗೆಸಿ ಪೌತಿ ಖಾತೆ ಯಾರೂ ಮಾಡಿಸ್ಲಿಲ್ಲ, ಇವತ್ತಿಗೂ ನಿಮ್ಮ ತಾತನ ಹೆಸರಲ್ಲೇ ಅದೆ ಕಣೋ."

ಸತ್ತು ನಲವತ್ತು ವರ್ಷವಾದ ತಾತ ಜಮೀನುದಾರ. ಜರ್ಮನಿಯಲ್ಲಿ ಕೋಟು ಹಾಕಿಕೊಂಡು ನಿಂತಿರೋ ನಾನು ಯಾರೂ ಅಲ್ಲ.

ಕಾರಣ ಬರೆಯಿರಿ

ಪಹಣಿ ಬಂತು. ಅನುವಾದ ಮಾಡಿಸಿದ್ದಾಯಿತು. ಅವಳು ಓದಿ, ಮಡಚಿ, ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಮೂರನೇ ದಿನ ಇಬ್ಬರೂ ಕಚೇರಿಯಲ್ಲಿ ಕೂತಿದ್ದೆವು.

"ಹತ್ತು ಎಕರೆ ಎಲ್ಲಿ?" ಅಂದರು ಅಧಿಕಾರಿ.

"ಮದುವೆಗೆ ಮುಂಚೆ ಇತ್ತು ಸಾರ್," ಅಂದೆ. "ಬಾಯಲ್ಲಿ."

ತಿದ್ದುಪಡಿಗೆ ಕಾರಣ ಬರೆಯಿರಿ ಅಂತ ಹಾಳೆ ತಳ್ಳಿದರು. ನಾನು ಪೆನ್ನು ಹುಡುಕುವಷ್ಟರಲ್ಲಿ ಅವಳೇ ಎಳೆದುಕೊಂಡು ಬರೆದಳು: "ನನ್ನನ್ನು ಮೆಚ್ಚಿಸಲು ಹೇಳಿದ ಮಾತು. ಜಮೀನು ಇಲ್ಲ. ಮೆಚ್ಚಿದ್ದು ನಿಜ." ಕೆಳಗೆ ಸಹಿ ಹಾಕಿ, ನನ್ನ ಕಡೆಗೆ ಸರಿಸಿದಳು.

ಸರ್ಕಾರಿ ಕಡತ ಸೇರಿದ ಪ್ರೇಮಪತ್ರ ನಮ್ಮ ಇಡೀ ನೆಲಮಂಗಲ ತಾಲ್ಲೂಕಿನಲ್ಲಿ ಬಂದಿರೋದು ನನಗೊಬ್ಬನಿಗೇ!

ಒಂದೇ ಫಾರಂ

ಹೋದ ವರ್ಷ ಅವಳು ತೀರಿಕೊಂಡಳು. ಈ ಸಲ ಫಾರಂ ಹಿಡಿದುಕೊಂಡು ಒಬ್ಬನೇ ಹೋದೆ. ಅದೇ ಅಧಿಕಾರಿ. ತಲೆ ಪೂರ್ತಿ ನರೆತಿದೆ.

"ತೀರಿಕೊಂಡ ವರ್ಷ, ಅದರ ಮುಂದಿನ ಒಂದು ವರ್ಷ ನಿಮ್ಮನ್ನು ಜೋಡಿ ಅಂತಲೇ ಲೆಕ್ಕ ಹಾಕ್ತೀವಿ," ಅಂದರು. "ಆಮೇಲೆ ನೀವು ಒಂಟಿ."

"ಒಂದೇ ವರ್ಷವಾ? ಏನ್ ಸಾರ್ ನಿಮ್ಮ ಸರ್ಕಾರಕ್ಕೆ ಇಷ್ಟು ಅವಸರ! ನಮ್ಮೂರಿಗೆ ಬನ್ನಿ. ತಾತ ಸತ್ತು ಎಷ್ಟು ಕಾಲ ಆಯ್ತು, ಇನ್ನೂ ಒಬ್ಬರೂ ಹೆಸರು ತೆಗೆಸಿಲ್ಲ. ನಮ್ಮನೆಯವಳನ್ನೂ ಹಂಗೇ ಬಿಟ್ಬಿಡಿ. ಪೌತಿ ಖಾತೆ ಮಾಡಿಸೋಕೆ ನಾನಂತೂ ಬರಲ್ಲ."

ಅಧಿಕಾರಿ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು! ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮಾರಮ್ಮನ ಆಣೆ ಇಟ್ಟಿದ್ದೀನಿ, ಅದಕ್ಕೇ ಒಪ್ಪಿಕೊಳ್ತೀನಿ. ಒಂದೇ ಒಂದು ಸಣ್ಣ ವಿಷಯ ಕಟ್ಟಿ ಹೇಳಿದ್ದು. ಅವರು ನಗಲಿಲ್ಲ. ಕಣ್ಣೊರೆಸಿಕೊಂಡವನು ನಾನು.