ನನ್ನ ಕಾಲ್ಬೆರಳಿನ ದಿಗ್ವಿಜಯ

ನಮ್ಮಲ್ಲಿ ಪಾದಗಳಿಗೆ ಸಿಗುವ ಮರ್ಯಾದೆ ಬೇರೆ ಯಾವ ಅಂಗಕ್ಕೂ ಸಿಗುವುದಿಲ್ಲ. ಆದರೆ ಆ ಪಾದಗಳು ಬೇರೆಯವರದಾಗಿರಬೇಕು, ಅಷ್ಟೆ. ಸ್ವಾಮಿಗಳ ಪಾದವನ್ನು ತಟ್ಟೆಯಲ್ಲಿಟ್ಟು ತೊಳೆಯುತ್ತೇವೆ, ವಿಭೂತಿ ಹಚ್ಚುತ್ತೇವೆ, ಹೂವು ಏರಿಸುತ್ತೇವೆ. ಮನೆಗೆ ಬಂದ ಬೀಗರ ಕಾಲಿಗೆ ತಂಬಿಗೆಯಲ್ಲಿ ನೀರು ಕೊಡುತ್ತೇವೆ. ಹಬ್ಬದ ದಿನ ಹಿರಿಯರ ಕಾಲಿಗೆ ಬೀಳಲು ಸರದಿಯಲ್ಲಿ ನಿಲ್ಲುತ್ತೇವೆ. ನಮ್ಮದೇ ಆದ ಎರಡು ಪಾದಗಳು ಮಾತ್ರ, ಜೀವಮಾನವಿಡೀ ನಮ್ಮನ್ನು ಹೊತ್ತು ತಿರುಗಿದರೂ, ಸ್ನಾನದ ಹೊತ್ತಿನಲ್ಲಿ ತಲೆಯಿಂದ ಇಳಿದು ಬಂದ ಸೋಪಿನ ನೀರಿನಲ್ಲೇ ತೃಪ್ತಿಪಟ್ಟುಕೊಳ್ಳಬೇಕು. ಐವತ್ತು ದಾಟುವವರೆಗೆ ನಾನೂ ನನ್ನ ಪಾದಗಳನ್ನು ಹೀಗೇ ನಡೆಸಿಕೊಂಡೆ. ಅವೂ ನನ್ನನ್ನು ಹೇಗೋ ನಡೆಸಿಕೊಂಡು ಬಂದವು.

ನಾನು ಮಸ್ಕಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಟೀಚರು. ನನ್ನ ತವರು ದಢೇಸುಗೂರು. ಅಲ್ಲಿ ಕಾಲುವೆಯ ನೀರು, ಭತ್ತದ ಗದ್ದೆ. ನಾಟಿಯ ದಿನಗಳಲ್ಲಿ ಹೆಂಗಸರ ಬೆರಳಸಂದಿಗಳೆಲ್ಲ ಕೆಸರು ತಿಂದು ಬೆಳ್ಳಗೆ ಸುಲಿದುಕೊಂಡಿರುತ್ತವೆ. ಗಂಡನ ಮನೆಯವರ ಮೂಲ ಗುರುಗುಂಟಾ. ಅಲ್ಲಿ ಮಳೆ ನಂಬಿದ ಒಣ ಬೇಸಾಯ. ಹೊಲಗಳ ಜೊತೆ ಹಿಮ್ಮಡಿಗಳೂ ಬೇಸಿಗೆಯಲ್ಲಿ ಬಾಯಿ ಬಿಡುತ್ತವೆ. ಮದುವೆಯಾದ ಮೇಲೆ ನನಗೆ ಎರಡೂ ಕಡೆಯ ಆಸ್ತಿ ಬಂತು. ಸಂದಿಯಲ್ಲಿ ತವರಿನ ತುರಿಕೆ, ಹಿಮ್ಮಡಿಯಲ್ಲಿ ಅತ್ತೆಮನೆಯ ಬಿರುಕು. ಇವೆರಡರ ಮೇಲೆ ನನ್ನ ಸ್ವಂತ ಗಳಿಕೆಯಾಗಿ ಸಕ್ಕರೆ ಕಾಯಿಲೆ ಸೇರಿತು.

ಸಕ್ಕರೆ ಬಂದ ಕೆಲವು ವರ್ಷಗಳಲ್ಲಿ ಒಂದು ವಿಚಿತ್ರ ನಡೆಯಿತು. ಅಷ್ಟು ದಿನ ಚುರುಗುಟ್ಟುತ್ತಿದ್ದ ಬಿರುಕುಗಳು ಸುಮ್ಮನಾದವು. ದಿನವಿಡೀ ನಿಂತು ಪಾಠ ಮಾಡಿದರೂ ಅಂಗಾಲು ಉರಿಯುತ್ತಿರಲಿಲ್ಲ. ಸ್ವಲ್ಪ ಜೋಮು ಹಿಡಿದಂತಿರುತ್ತಿತ್ತು, ಅಷ್ಟೆ. ಗೆಳತಿಯರೆಲ್ಲ ಮೊಣಕಾಲು, ಹಿಮ್ಮಡಿ ಎಂದು ಗೋಳಾಡುವಾಗ ನಾನು, 'ನನಗೇನೂ ನೋವಿಲ್ಲಪ್ಪ' ಎಂದು ಹೇಳಿಕೊಂಡು ಬೀಗುತ್ತಿದ್ದೆ. ತವರಿನ ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡಿ ಗಟ್ಟಿಯಾದ ಕಾಲು ಎಂದು ಅದಕ್ಕೊಂದು ಕಾರಣವನ್ನೂ ಹುಡುಕಿಟ್ಟುಕೊಂಡಿದ್ದೆ.

ಒಂದು ದಿನ ಶಾಲೆಯಲ್ಲಿ ನಾನು ನಡೆದರೆ ಟಕ್ ಟಕ್ ಎಂದು ಸದ್ದು ಬರತೊಡಗಿತು. ಕಾಲುಂಗುರ ಸಡಿಲವಾಗಿ ಚಪ್ಪಲಿಗೆ ತಾಗುತ್ತಿರಬೇಕು ಎಂದುಕೊಂಡೆ. ಆ ಸದ್ದಿನ ಪರಿಣಾಮ ಮಾತ್ರ ಅದ್ಭುತವಾಗಿತ್ತು. ವರಾಂಡದಲ್ಲಿ ನಾನಿನ್ನೂ ದೂರವಿರುವಾಗಲೇ ಒಂಬತ್ತನೇ ತರಗತಿ ಗಪ್‌ಚುಪ್ ಆಗುತ್ತಿತ್ತು. ಇಷ್ಟು ವರ್ಷ ಗಂಟಲು ಹರಿದುಕೊಂಡರೂ ಸಿಗದ ಶಿಸ್ತು ಒಂದು ಸದ್ದಿಗೆ ಸಿಕ್ಕಿತ್ತು. ನಾನು ಬೇಕೆಂದೇ ಇನ್ನೊಂದೆರಡು ಸಲ ಆಚೀಚೆ ಓಡಾಡಿದೆ. ಸ್ಟಾಫ್‌ರೂಮಿನಲ್ಲಿ ಗಣಿತದ ಶಮೀಮ್, 'ಗಿರಿಜಕ್ಕಾ, ಹೊಸಾ ಚಪ್ಪಲ್ ಏನು? ಭಾರಿ ಠೀವಿಲೆ ನಡ್ಯಾಕತ್ತಿ' ಎಂದಳು. ಶಮೀಮ್ ಲಿಂಗಸುಗೂರಿನಿಂದ ದಿನಾ ಬಸ್ಸಿನಲ್ಲಿ ಬರುವವಳು, ನನ್ನ ಆಪ್ತ ಗೆಳತಿ. ನಾನು ಇನ್ನಷ್ಟು ಠೀವಿಯಿಂದ ತರಗತಿಗೆ ಹೊರಟೆ.

ಸಂಜೆ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದರೆ ಎಡಗಾಲಿನದು ಬಂತು, ಬಲಗಾಲಿನದು ಬರಲಿಲ್ಲ. ಕಾಲು ಝಾಡಿಸಿದೆ. ಆಗಲೂ ಬರಲಿಲ್ಲ. ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದ ಅತ್ತೆ ತಲೆ ಎತ್ತಿದರು.

'ಯಾಕ ಗಿರಿಜಾ, ಚಪ್ಪಲ್ ಹಾಕ್ಕೊಂಡ ಒಳಗ ಬರಬೇಕಂತ ಮಾಡೀಯೇನು?'

'ಇಲ್ರೀ ಅತ್ತಿ, ಇದು ಬರವಲ್ದು.'

ಒಳಗಿನಿಂದ ನಮ್ಮ ಮನೆಯವರು ಬಂದು ಕುಕ್ಕರಗಾಲಲ್ಲಿ ಕೂತು ಚಪ್ಪಲಿ ಎಳೆದರು. ಅದು ಬಂತು, ಅದರ ಜೊತೆ ನಾಲ್ಕು ಹನಿ ರಕ್ತವೂ ಬಂತು. ನೋಟೀಸ್ ಬೋರ್ಡಿಗೆ ಚುಚ್ಚುವ ದಪ್ಪ ತಲೆಯ ಪಿನ್ನೊಂದು ಸವೆದ ರಬ್ಬರನ್ನು ದಾಟಿ, ಎರಡನೆಯ ಬೆರಳಿನ ಬುಡಕ್ಕೆ ಹೊಕ್ಕಿತ್ತು. ದಿನವಿಡೀ ಒಂಬತ್ತನೇ ತರಗತಿಯನ್ನು ಹೆದರಿಸಿದ್ದು ಅದರ ತಲೆ. ನಮ್ಮವರು ಬೀಜ, ಗೊಬ್ಬರದ ಅಂಗಡಿ ಇಟ್ಟವರು, ಗೋಣಿಚೀಲಗಳನ್ನು ಲೀಲಾಜಾಲವಾಗಿ ಎತ್ತಿ ಇಡುವವರು. ರಕ್ತ ನೋಡಿ ಗೋಡೆಗೆ ಒರಗಿ ಕೂತುಬಿಟ್ಟರು. ಅವರಿಗೆ ನೀರು ತಂದುಕೊಟ್ಟವಳು ನಾನೇ. ನನಗೇನೂ ನೋವಿರಲಿಲ್ಲವಲ್ಲ.

ಅತ್ತೆ ಅರಿಷಿಣ ಒತ್ತಿದರು. ಆದರೆ ಬೆರಳು ದಿನೇ ದಿನೇ ಊದುತ್ತ ಹೋಯಿತು. ಅದಕ್ಕೆ ಹಾಕಿದ್ದ ಬೆಳ್ಳಿಯ ಕಾಲುಂಗುರ ಮಾಂಸದೊಳಗೆ ಮುಳುಗಿತು. ಬೆರಳಿನ ಬಣ್ಣ ಬದನೆಕಾಯಿಯ ಕಡೆಗೆ ತಿರುಗಿದಾಗ ಮೂವರೂ ಲಿಂಗಸುಗೂರಿನ ಡಾಕ್ಟರ ಬಳಿಗೆ ಹೋದೆವು. ಡಾಕ್ಟರು ನನಗೆ ಮಗಳಾಗುವಷ್ಟು ವಯಸ್ಸಿನ ಹುಡುಗಿ. ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೀನು ಹಿಡಿಯುವ ದಾರದಂಥ ಒಂದು ಎಳೆಯಿಂದ ಅಂಗಾಲು ಮುಟ್ಟುತ್ತೇನೆ, ಗೊತ್ತಾದಾಗ ಹೇಳಿ ಎಂದರು. ಜೀವನವಿಡೀ ಪರೀಕ್ಷೆ ನಡೆಸಿದವಳು ನಾನು. ಪರೀಕ್ಷೆಯಲ್ಲಿ ಸುಮ್ಮನೆ ಕೂರುವುದು ನನ್ನ ಸ್ವಭಾವವಲ್ಲ. ಸ್ವಲ್ಪ ಹೊತ್ತು ಕಾದು, 'ಹಾಂ, ಈಗ ಗೊತ್ತಾತು ನೋಡ್ರಿ' ಎಂದೆ.

'ಇನ್ನೂ ಮುಟ್ಟಿಲ್ರಿ ಮೇಡಂ' ಎಂದರು ಡಾಕ್ಟರು. ಆಮೇಲೆ ಅವರು ಮುಟ್ಟುತ್ತ ಹೋದಾಗ ನಾನು ಮರ್ಯಾದೆಯಿಂದ ಸುಮ್ಮನಿದ್ದೆ. ಕಣ್ಣು ಬಿಟ್ಟಾಗ ಅವರ ಮುಖದಲ್ಲಿ ನಗುವಿರಲಿಲ್ಲ.

'ಕಾಲು ನೋಯೂದಿಲ್ಲ ಅಂತ ಖುಷಿ ಪಡಬ್ಯಾಡ್ರಿ. ಸಕ್ಕರಿ ನಿಮ್ಮ ನರ ಕೆಡಿಸೈತಿ. ಕಲ್ಲು, ಮುಳ್ಳು, ಬಿಸಿ, ಯಾವುದೂ ಕಾಲಿಗೆ ಗೊತ್ತಾಗೂದಿಲ್ಲ. ಬೆರಳಿನ್ಯಾಗ ಕೀವು ಐತಿ. ಇನ್ನ ನಾಕ ದಿನ ಬಿಟ್ಟು ಬಂದಿದ್ರ ನಾ ಏನ್ ಹೇಳ್ತಿದ್ದೆನೋ ಗೊತ್ತಿಲ್ಲ. ಮೊದಲು ಈ ಉಂಗುರ ಕತ್ತರಿಸಬೇಕು.'

ನನಗೆ ಆಗ ನನ್ನ ಸೋದರಮಾವ ನೆನಪಾದ. ಅವನಿಗೂ ಸಕ್ಕರೆಯಿತ್ತು. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಅರ್ಧ ಪಾದ. ಕೊನೆಯ ವರ್ಷಗಳಲ್ಲಿ ಅವನು ಕಟ್ಟೆಯ ಮೇಲೆ ಕೂತು ಹೋಗಿ ಬರುವವರ ನಡಿಗೆಯನ್ನೇ ನೋಡುತ್ತಿದ್ದ. ಅಷ್ಟು ಹೊತ್ತು ಇಲ್ಲದ ನೋವು ಎದೆಯಲ್ಲಿ ಹುಟ್ಟಿಕೊಂಡಿತು. ಆದರೆ ಅತ್ತೆ ಎದ್ದು ನಿಂತಿದ್ದರು.

'ನನ್ನ ಮಗ ಗುಂಡಕಲ್ಲಿನಂಗ ಇಲ್ಲೇ ಕುಂತಾನ. ಮುತ್ತೈದಿ ಕಾಲುಂಗುರ ಹ್ಯಾಂಗ ತೆಗೀತೀರಿ ನೀವು?'

ಗುಂಡಕಲ್ಲು ಇನ್ನೂ ರಕ್ತದ ಗುಂಗಿನಲ್ಲಿತ್ತು. ಡಾಕ್ಟರು ತಾಳ್ಮೆಯಿಂದ, 'ಅಮ್ಮಾ, ಉಂಗುರ ತೆಗೀಲಿಲ್ಲಾಂದ್ರ ಬೆರಳು ತೆಗೀಬೇಕಾಗತೈತಿ. ಬೆರಳ ಇಲ್ಲಾಂದ್ರ ಉಂಗುರ ಎಲ್ಲಿ ಹಾಕ್ತೀರಿ?' ಎಂದರು.

ಅತ್ತೆ ಅದನ್ನು ಎರಡೂ ಕಡೆಯಿಂದ ತೂಗಿ ನೋಡಿದರು. 'ಹಂಗಾರ ಉಂಗುರನ ತೆಗೀರಿ' ಎಂದರು. ಕತ್ತರಿಸಿದ ಬೆಳ್ಳಿಯನ್ನು ಸೆರಗಿನಿಂದ ಒರೆಸಿ, ಅಲ್ಲೇ ನನ್ನ ತಾಳಿಯ ಸರಕ್ಕೆ ದಾರದಿಂದ ಕಟ್ಟಿದರು. 'ಎಲ್ಲಿದ್ರೇನು, ಮೈಮ್ಯಾಲೆ ಐತಲ್ಲ' ಎಂದು ತೀರ್ಪು ಕೊಟ್ಟರು. ಅವರ ಧರ್ಮಶಾಸ್ತ್ರ ಇಷ್ಟು ಸಲೀಸಾಗಿ ಬಾಗುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬೆರಳನ್ನು ಸೀಳಿ ಕೀವು ತೆಗೆದರು. ಔಷಧ, ಪಟ್ಟಿ, ಸಕ್ಕರೆಗೆ ಹೊಸ ಗುಳಿಗೆ, ಊಟಕ್ಕೆ ಲಗಾಮು. ಮನೆಗೆ ಬಂದ ಮೇಲೆ ನನ್ನ ಪಾದಗಳ ಆಡಳಿತವನ್ನು ಅತ್ತೆ ವಹಿಸಿಕೊಂಡರು. ಅವರಿಗೆ ಆಗಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಹೊಸ ಕಣ್ಣಿಗೆ ನೋಡಲು ಏನಾದರೂ ಬೇಕಾಗಿತ್ತು. ದಿನಾ ಸಂಜೆ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು. ಬಿಸಿ ಹೆಚ್ಚಾಗಿದೆಯೋ ಎಂದು ನನ್ನ ಕಾಲು ಹೇಳಲಾರದು, ಅದಕ್ಕೆ ಅತ್ತೆ ತಮ್ಮ ಮೊಣಕೈ ಅದ್ದಿ ನೋಡುವರು. ತೊಳೆದ ಮೇಲೆ ಹಳೆಯ ಧೋತರದ ತುಂಡಿನಿಂದ ಬೆರಳಸಂದಿಗಳನ್ನು ಒಂದೊಂದಾಗಿ ಒರೆಸುವರು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ. ಸಂದಿಗೆ ಒಂದು ಹನಿಯೂ ಇಲ್ಲ, ಅಲ್ಲಿ ಹಸಿ ನಿಂತರೆ ತುರಿಕೆ ತಿರುಗಿ ಬರುತ್ತದೆ. ಉಗುರನ್ನು ಮೂಲೆಗೆ ಇಳಿಸದೆ ನೇರವಾಗಿ ಕತ್ತರಿಸಬೇಕು. ಕಿರುಬೆರಳಿನ ಮೇಲಿದ್ದ ಆಣಿಯನ್ನು ನಾನು ಎಷ್ಟೋ ವರ್ಷಗಳಿಂದ ಬ್ಲೇಡಿನಿಂದ ಹೆರೆದುಕೊಳ್ಳುತ್ತಿದ್ದೆ. ಆ ಬ್ಲೇಡು ಅಂದೇ ಕಸದ ಬುಟ್ಟಿ ಸೇರಿತು. ಕೊನೆಗೆ ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲಿನ ತಪಾಸಣೆ. 'ಇದೇನು ಕೆಂಪಗ? ನಿನ್ನೆ ಇದ್ದಿಲ್ಲ' ಎಂದು ಅತ್ತೆ ಹೇಳಿದರೆ ನಮ್ಮವರು ಅಂಗಡಿ ಬಿಟ್ಟು ಬರಬೇಕು. ಅದು ಅಂದು ಬೆಳಿಗ್ಗೆ ಹಚ್ಚಿದ ಮೆಹಂದಿಯ ಕಲೆ ಎಂದು ಗೊತ್ತಾದರೂ ಅತ್ತೆ ಒಂದು ರಾತ್ರಿ ಕಾಯುವರು.

ಬರಿಗಾಲಲ್ಲಿ ಮನೆಯೊಳಗೂ ನಡೆಯಬಾರದು ಎಂಬ ಆಜ್ಞೆ ಮಾತ್ರ ದೇವರಕೋಣೆಯ ಬಾಗಿಲಲ್ಲಿ ಸಿಕ್ಕಿಬಿತ್ತು. ಅದಕ್ಕೂ ಅತ್ತೆಯೇ ದಾರಿ ಹುಡುಕಿದರು. ಹಳೆಯ ಕೌದಿಯ ತುಂಡಿನಿಂದ ಮೆತ್ತನೆಯ ಕಾಲ್ಚೀಲ ಹೊಲಿದು, 'ಇದು ಅರಿವಿ, ಚಪ್ಪಲ್ ಅಲ್ಲ' ಎಂದು ಶಿವನಿಗೆ ಕೇಳಿಸುವಂತೆ ಹೇಳಿದರು.

ಬೂಟು ಕೊಳ್ಳಲು ಸಿಂಧನೂರಿಗೆ ಹೋದೆವು. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಅಳತೆ ನೋಡಬೇಕು ಎಂದು ಡಾಕ್ಟರು ಹೇಳಿದ್ದರು. ಅಂಗಡಿಯವನು ಚೂಪು ಮೂತಿಯ ಚೆಂದದ ಚಪ್ಪಲಿಗಳನ್ನೆಲ್ಲ ಮುಂದೆ ಹರಡಿದ. ಅತ್ತೆ ಒಂದೊಂದರೊಳಗೂ ಕೈ ಹಾಕಿ, 'ಇದರಾಗ ಬೆರಳು ಉಸಿರಾಡೂದಿಲ್ಲ' ಎಂದು ಬದಿಗೆ ಸರಿಸಿದರು. ಕಡೆಗೆ ಆರಿಸಿದ್ದು ಮುಂದೆ ಅಗಲವಾದ, ಪೊಲೀಸರು ಹಾಕುವಂಥ ಕರಿ ಬೂಟು. ಇಳಕಲ್ ಸೀರೆಯ ಕೆಳಗೆ ಅದು ಹೇಗೆ ಕಾಣುತ್ತಿತ್ತೆಂದು ನಾನು ವರ್ಣಿಸುವುದಿಲ್ಲ. ಮೊದಮೊದಲು ಮನೆಯಲ್ಲೇ ದಿನಕ್ಕೆ ಸ್ವಲ್ಪ ಹೊತ್ತು ಹಾಕಿಕೊಂಡು ಪಳಗಿಸಿದೆ. ಪ್ರತಿ ಸಲ ಹಾಕುವ ಮುನ್ನ ಒಳಗೆ ಕೈಯಾಡಿಸಿ ಕೊಡವುತ್ತಿದ್ದೆ. ಗಾಯ ಮಾಯಿತು. ಡಾಕ್ಟರು ಬೆರಳನ್ನು ತಿರುಗಿಸಿ ನೋಡಿ, 'ಉಳೀತು. ಇನ್ನ ದಿನಾ ನಡೀರಿ' ಎಂದರು. ನಾನು ನಡೆದೆ. ಮುಂಜಾನೆ ಮಸ್ಕಿಯ ಬೆಟ್ಟದ ಬುಡದವರೆಗೆ ಹೋಗಿ ಬರುವುದು ನಿತ್ಯದ ಪಾಠವಾಯಿತು.

ಆ ವರ್ಷ ಶಿಕ್ಷಕರ ಕ್ರೀಡಾಕೂಟ ಸಿಂಧನೂರಿನಲ್ಲಿತ್ತು. ಹಿರಿಯ ಶಿಕ್ಷಕಿಯರಿಗೆ ವೇಗದ ನಡಿಗೆಯ ಸ್ಪರ್ಧೆ. ಅದರಲ್ಲಿ ಪ್ರತಿ ವರ್ಷ ಶಮೀಮಳೇ ಮೊದಲು. ನಾನು ಪ್ರತಿ ವರ್ಷ ಶಾಮಿಯಾನದ ಕೆಳಗೆ ಕೂತು ಅವಳ ಪರ್ಸು ಹಿಡಿದುಕೊಳ್ಳುವವಳು. ಈ ಸಲ ನಾನೂ ಹೆಸರು ಕೊಟ್ಟೆ. ಶಮೀಮ್ ಗುಲಾಬಿ ಬಣ್ಣದ ಹೊಸ ಬೂಟು ಹಾಕಿಕೊಂಡು ಬಂದಿದ್ದಳು, ಹಿಂದಿನ ಸಂಜೆ ಕೊಂಡದ್ದು.

'ಹೊಸಾ ಬೂಟಿನ್ಯಾಗ ನಡೀಬ್ಯಾಡ ಶಮೀಮ್, ಕಚ್ಚತೈತಿ' ಎಂದೆ.

'ಅಯ್ಯ, ಇಷ್ಟ ದೂರಕ್ಕ ಏನಾಗತೈತಿ ಬಿಡಕ್ಕಾ. ನಿನ್ನ ಬೂಟು ನೋಡಿದ್ರ ಕಳ್ಳರು ಓಡಿ ಹೋಗ್ತಾರ' ಎಂದು ನಕ್ಕಳು.

ಸೀಟಿ ಊದಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಶಮೀಮ್ ಬಾಣದಂತೆ ಮುಂದೆ ಹೋದಳು. ನಾನು ಮಧ್ಯದಲ್ಲಿದ್ದೆ. ಮೊದಲ ಸುತ್ತು ಮುಗಿಯುವಾಗ ಚೂಪು ಚಪ್ಪಲಿಯವರು ಇಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ನಿಂತರು. ಲಿಂಗಸುಗೂರಿನ ಒಬ್ಬ ಟೀಚರು ನಡಿಗೆ ಮರೆತು ಓಡತೊಡಗಿ ಹೊರಗಾದರು. ಈಗ ಮುಂದೆ ಇದ್ದದ್ದು ಶಮೀಮ್ ಒಬ್ಬಳೇ. ಕೊನೆಯ ತಿರುವಿನಲ್ಲಿ ಅವಳ ಬಲಗಾಲು ಕುಂಟತೊಡಗಿತು. ನಾನು ಅವಳ ಪಕ್ಕಕ್ಕೆ ಬಂದು ನೋಡಿದರೆ ಹಿಮ್ಮಡಿಯ ಹತ್ತಿರ ಗುಲಾಬಿ ಬಣ್ಣ ಕೆಂಪಾಗಿತ್ತು. ನನ್ನ ಹೆಜ್ಜೆ ತಾನಾಗಿ ನಿಧಾನವಾಯಿತು.

'ನಿಂದರಬ್ಯಾಡ ಬೇ' ಎಂದಳು ಶಮೀಮ್ ಹಲ್ಲು ಕಚ್ಚಿ. 'ನೀ ನಿಂತರ ಲಿಂಗಸುಗೂರಿನವ್ರು ಗೆಲ್ತಾರ. ನಡಿ.'

ತಾನೇ ಲಿಂಗಸುಗೂರಿನವಳು ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಮರೆತುಹೋಗಿತ್ತು. ನಾನು ನಡೆದೆ. ಕರಿ ಬೂಟುಗಳು ಧಡ್ ಧಡ್ ಎಂದು ನೆಲ ತುಳಿದವು. ಉಳಿದ ಬೆರಳು ಉಳಿದ ಒಂಬತ್ತರ ಜೊತೆ ಸರಿಸಮವಾಗಿ ದುಡಿಯಿತು. ರಿಬ್ಬನ್ನು ಎದೆಗೆ ತಾಗಿದಾಗ ಅದು ಏನೆಂದು ನನಗೆ ತಕ್ಷಣ ತಿಳಿಯಲಿಲ್ಲ. ಜೀವನದಲ್ಲಿ ನಾನು ರಿಬ್ಬನ್ನನ್ನು ಕಂಡಿದ್ದು ಹುಡುಗಿಯರ ಜಡೆಯಲ್ಲಿ ಮಾತ್ರ. ಶಾಮಿಯಾನದ ಕೆಳಗೆ ಅತ್ತೆ ಎದ್ದು ನಿಂತು, ಪಕ್ಕದಲ್ಲಿದ್ದ ಅಧಿಕಾರಿಗೆ ನನ್ನ ಕಾಲು ತೋರಿಸುತ್ತ ಹೇಳುತ್ತಿದ್ದರು: 'ಆ ಬಲಗಾಲಿನ ಎರಡನೇ ಬೆರಳು ಐತಲ್ರೀ, ಅದನ್ನ ಉಳಿಸಿದಾಕಿ ನಾನ.' ಅಧಿಕಾರಿ ಕೈಮುಗಿದರು. ಬೇರೆ ಏನು ಮಾಡಬೇಕೆಂದು ಅವರಿಗೂ ತೋಚಿರಲಿಕ್ಕಿಲ್ಲ.

ಪದಕ ಹಾಕಿಸಿಕೊಂಡು ಬಂದು ನಾನು ಮೊದಲು ಮಾಡಿದ ಕೆಲಸವೆಂದರೆ ಶಮೀಮಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡದ್ದು. ಅವಳು ಸುಲಿದ ಗಾಯದ ಪಕ್ಕದಲ್ಲಿ ಇನ್ನೂ ಒಡೆಯದ ಬೊಬ್ಬೆಯನ್ನು ಸೆರಗಿನ ಪಿನ್ನಿನಿಂದ ಒಡೆಯಲು ಹೊರಟಿದ್ದಳು. ನಾನು ಪಿನ್ನು ಕಸಿದುಕೊಂಡೆ. ಬೊಬ್ಬೆಯ ಚರ್ಮವೇ ಅದರ ಪಟ್ಟಿ, ಒಡೆಯಬಾರದು ಎಂದು ಹೇಳಿ, ತೊಳೆದು, ಮೇಲೆ ಸಡಿಲವಾಗಿ ಬಟ್ಟೆ ಕಟ್ಟಿದೆ. 'ಗಣಿತ ಬಿಟ್ಟು ನಿನ್ನ ಹಂತ್ಯಾಕ ಕಲಿಯಾಕ ಬರ್ತೀನಿ' ಎಂದಳು ಅವಳು. ಅಂದಿನಿಂದ ಇಡೀ ಸ್ಟಾಫ್‌ರೂಮು ತನ್ನ ಕಾಲುಗಳನ್ನು ನನ್ನ ಕಡೆಗೆ ಚಾಚಿದೆ. ಮುಖ್ಯಗುರುಗಳು ಸಾಕ್ಸ್ ಬದಲಿಸದೆ ತರಿಸಿಕೊಂಡ ಸಂದಿಯ ತುರಿಕೆಯಿಂದ ಹಿಡಿದು, ಹೊಸದಾಗಿ ಬಂದ ಟೀಚರ ಮಾಂಸಕ್ಕೆ ಇಳಿದ ಉಗುರಿನವರೆಗೆ ಎಲ್ಲ ನನ್ನ ಮುಂದೆ ಹಾಜರಾಗುತ್ತವೆ. ನಾನು ನೋಡುತ್ತೇನೆ, ಬೈಯುತ್ತೇನೆ, ಬೇಕಾದರೆ ಡಾಕ್ಟರ ಬಳಿಗೆ ಅಟ್ಟುತ್ತೇನೆ.

ಇದರಿಂದ ನನಗೊಂದು ಚಟ ಅಂಟಿಕೊಂಡಿದೆ. ಎಲ್ಲಿ ಹೋದರೂ ನನ್ನ ಕಣ್ಣು ಜನರ ಮುಖಕ್ಕೆ ಏರುವುದೇ ಇಲ್ಲ. ಬಸ್ಸಿನಲ್ಲಿ, ಬಜಾರಿನಲ್ಲಿ, ಮದುವೆ ಮನೆಯಲ್ಲಿ ಕಾಲುಗಳನ್ನೇ ನೋಡುತ್ತ ನಡೆಯುತ್ತೇನೆ. ಮೊನ್ನೆ ಓಣಿಯ ಹೆಂಗಸರು ನಮ್ಮ ಕಟ್ಟೆಯ ಮೇಲೆ ಕೂತಿದ್ದಾಗ ನಾನು ಶಾಲೆಯಿಂದ ಬಂದೆ. ಅತ್ತೆ ಅವರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: 'ಲಗ್ನಾಗಿ ಬಂದಾಗಿಂದ ಹೇಳಿ ಹೇಳಿ ಸಾಕಾಗಿತ್ತು ನನಗ, ಸೊಸಿ ಅಂದ್ರ ತಲಿ ತಗ್ಗಿಸಿ ನಡೀಬೇಕು ಅಂತ. ಈಕಿ ಒಂದಿನಾನೂ ಕೇಳಿದಾಕಿ ಅಲ್ಲ. ಈಗ ನೋಡ್ರಿ, ಮೆಡಲ್ ಬಂದ ಮ್ಯಾಲೆ ಎಷ್ಟು ತಗ್ಗಿ ನಡ್ಯಾಕತ್ತಾಳ.' ಹೆಂಗಸರೆಲ್ಲ ಮೆಚ್ಚುಗೆಯಿಂದ ನನ್ನ ಕಡೆಗೆ ತಿರುಗಿದರು. ಅದು ಹಾಗಲ್ಲ ಎಂದು ಹೇಳಲು ತಲೆ ಎತ್ತಬೇಕೆಂದಿದ್ದೆ. ಆದರೆ ಪಕ್ಕದ ಮನೆಯಾಕೆಯ ಎಡಹಿಮ್ಮಡಿಯಲ್ಲಿ ಒಂದು ಆಳವಾದ ಬಿರುಕಿತ್ತು, ಅದರಿಂದ ಕಣ್ಣು ಕೀಳಲು ಆಗಲಿಲ್ಲ.