ಎಲ್ಲರೂ ಅಡ್ಮಿನ್ ಆದ ಮೇಲೆ

ಪ್ರೇಮಲೀಲಾ: ಇರೋರು ಮೂರು ಜನ ಆಳುಗಳು. ಮೂರು ಜನಾನೂ ಯಜಮಾನ್ರೇ. ಹಾಗಾದ್ರೆ ಕೆಲಸಕ್ಕೆ ಹೋಗೋರು ಯಾರು ಅಂತ ಕೇಳ್ತಿದೀನಿ, ಅಷ್ಟೇ.

ಕರಿಬಸವಯ್ಯ: ಆಳು ಅನ್ಬೇಡ ಕಣೇ. ಹುಡುಗರು ಅನ್ನು. ಕೇಳಿಸ್ಕೊಂಡ್ರೆ ಬೇಜಾರ್ ಮಾಡ್ಕೋತಾರೆ.

ಪ್ರೇಮಲೀಲಾ: ಕೇಳಿಸ್ಕೊಳ್ಳೋಕೆ ಬಂದಿದ್ರೆ ತಾನೇ.

ಜಯಲಕ್ಷ್ಮಿಪುರಂನ ಆ ಮನೆಯಲ್ಲಿ ಮುಂದಿನ ಕೋಣೆಯೇ ಆಫೀಸು. ಕುಡಿಯುವ ನೀರಿನ ಫಿಲ್ಟರ್ ರಿಪೇರಿಯ ವ್ಯವಹಾರ. ಒಂದು ಕಾಲಕ್ಕೆ ಕರಿಬಸವಯ್ಯನವರು ಸ್ಕೂಟರಿಗೆ ಪೈಪು ಸುತ್ತಿಕೊಂಡು ಮನೆಮನೆಗೆ ಹೋಗಿ ಮಾಡುತ್ತಿದ್ದ ಕೆಲಸವನ್ನು ಈಗ ಮನೋಹರ, ಗೌತಮ, ಚಂದ್ರಮೌಳಿ ಎಂಬ ಮೂವರು ಮಾಡುತ್ತಾರೆ. ಮಾಡುತ್ತಾರೆ ಎಂದರೆ, ಮಾಡಬೇಕು. ಯಾವ ಮನೆಗೆ ಯಾರು ಹೋಗಬೇಕು, ಯಾರಿಗೆ ಎಂದು ರಜೆ, ಎಲ್ಲ ಒಂದು ಆ್ಯಪಿನಲ್ಲಿ ಇರುತ್ತದೆ. ಆ ಆ್ಯಪಿನ ಲೋಕದಲ್ಲಿ ಮನುಷ್ಯರು ಎರಡೇ ಬಗೆ. ಕೆಲಸ ಹಂಚುವವನು ಅಡ್ಮಿನ್. ಹಂಚಿದ್ದನ್ನು ಮಾಡುವವನು ಟೆಕ್ನೀಷಿಯನ್.

ಈ ಮೇಲು ಕೀಳು ಕರಿಬಸವಯ್ಯನವರಿಗೆ ಸರಿಬೀಳಲಿಲ್ಲ. ಅಕೌಂಟು ಮಾಡಿಕೊಡುವ ದಿನ ಮೂವರನ್ನೂ ಕರೆದು ಕಾಫಿ ಕೊಡಿಸಿ, ಮೂವರನ್ನೂ ಅಡ್ಮಿನ್ ಮಾಡಿಬಿಟ್ಟರು. ತಾವೂ ಅಡ್ಮಿನ್. ಹೆಂಡತಿಯನ್ನು ಮಾತ್ರ ಯಾವ ಸಾಲಿಗೂ ಸೇರಿಸಲಿಲ್ಲ. ಮರೆತರು ಅಂತಲ್ಲ, ಬೇಕೆಂದೇ ಬಿಟ್ಟರು ಅಂತಲೂ ಅಲ್ಲ. ಅಡುಗೆಮನೆಯಿಂದ ಒಂದು ಕೂಗು ಹಾಕಿದರೆ ಆಫೀಸಿಗೆ ಕೇಳಿಸುತ್ತಿತ್ತಲ್ಲ, ಅಂಥವಳಿಗೆ ಅಕೌಂಟು ಯಾಕೆ ಎಂದುಕೊಂಡಿದ್ದರು. ಪ್ರೇಮಲೀಲಾ ಅದನ್ನು ಆಗಲೇ ಗಮನಿಸಿದ್ದಳು. ಗಮನಿಸಿ, ಸಾರಿಗೆ ಒಗ್ಗರಣೆ ಹಾಕಿ, ಸುಮ್ಮನಾಗಿದ್ದಳು.

ಇವತ್ತು ಸುಮ್ಮನಿರುವ ಹಾಗಿರಲಿಲ್ಲ. ರಾಜೀವನಗರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಮಂಗಳಮ್ಮ ಬೆಳಿಗ್ಗೆಯೇ ಫೋನ್ ಮಾಡಿದ್ದರು. ಫಿಲ್ಟರ್ ನಿಂತು ವಾರ ಕಳೆಯುತ್ತ ಬಂತು, ಸಂಜೆಯೊಳಗೆ ಸರಿಮಾಡದಿದ್ದರೆ ವರ್ಷದ ಕಾಂಟ್ರಾಕ್ಟು ಬೇರೆಯವರಿಗೆ ಎಂದು ಹೇಳಿ ಫೋನಿಟ್ಟಿದ್ದರು. ಅವರದು ಒಂದೇ ಹಾಸ್ಟೆಲ್ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ತಂಗಿಯದೊಂದು, ನಾದಿನಿಯದೊಂದು, ಓರಗಿತ್ತಿಯದೊಂದು. ಇವರ ಅರ್ಧ ಅನ್ನ ಮಂಗಳಮ್ಮನ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿತ್ತು.

ಪ್ರೇಮಲೀಲಾ: ಮಂಗಳಮ್ಮನ ಕೆಲಸ ಮೊದಲು ಯಾರ ಹೆಸರಿಗಿತ್ತು?

ಕರಿಬಸವಯ್ಯ: ಗೌತಮನ ಹೆಸರಿಗೆ.

ಪ್ರೇಮಲೀಲಾ: ಆಮೇಲೆ?

ಕರಿಬಸವಯ್ಯ: ಅವನು ಚಂದ್ರಮೌಳಿ ಹೆಸರಿಗೆ ದಾಟಿಸ್ದ. ಚಂದ್ರಮೌಳಿಗೆ ಆ ಕಡೆ ದಾರಿ ಚೆನ್ನಾಗಿ ಗೊತ್ತಂತೆ.

ಪ್ರೇಮಲೀಲಾ: ಚಂದ್ರಮೌಳಿ?

ಕರಿಬಸವಯ್ಯ: ಅವನು ಮನೋಹರನಿಗೆ. ಮನೋಹರನ ಕೈಗುಣ ದೊಡ್ಡದು ಅಂತ.

ಪ್ರೇಮಲೀಲಾ: ಆ ದೊಡ್ಡ ಕೈ ಏನ್ ಮಾಡ್ತು?

ಕರಿಬಸವಯ್ಯ: ವಾಪಸ್ ಗೌತಮನಿಗೇ ಕೊಡ್ತು. ಮೊದಲಿಂದ ಅವನ ಕೆಲಸ ಅಲ್ವಾ, ಇನ್ನೊಬ್ಬರದು ಕಿತ್ಕೊಂಡ ಹಾಗಾಗುತ್ತೆ ಅಂತ. ಒಬ್ಬರ ಮೇಲೆ ಒಬ್ಬರಿಗೆ ಎಷ್ಟು ಗೌರವ ಇದೆ ನೋಡು.

ಪ್ರೇಮಲೀಲಾ: ನಾನು ನೋಡ್ತಿದೀನಿ. ಆ ಹಾಸ್ಟೆಲ್ ಹುಡುಗೀರು ನಾಲಿಗೆ ಒಣಗಿಸ್ಕೊಂಡು ನೋಡ್ತಿದಾರೆ. ಈಗ ಗೌತಮ ಎಲ್ಲಿ?

ಕರಿಬಸವಯ್ಯ: ರಜೆ.

ಪ್ರೇಮಲೀಲಾ: ಯಾರು ಕೊಟ್ಟಿದ್ದು?

ಕರಿಬಸವಯ್ಯ: ಚಂದ್ರಮೌಳಿ.

ಪ್ರೇಮಲೀಲಾ: ಚಂದ್ರಮೌಳಿನ ಕಳ್ಸಿ ಹಾಗಾದ್ರೆ.

ಕರಿಬಸವಯ್ಯ: ಅವನಿಗೂ ರಜೆ. ಗೌತಮ ಕೊಟ್ಟಿದಾನೆ. ಇಬ್ಬರೂ ಒಂದೇ ಬೈಕಲ್ಲಿ ನಂಜನಗೂಡಿಗೆ ಹೋದ್ರು. ಪೆಟ್ರೋಲ್ ಉಳೀತು ಅಂತ ನಾನೂ ಸುಮ್ಮನಾದೆ. ಮನೋಹರ ಒಬ್ಬನೇ ಕುಂಬಾರಕೊಪ್ಪಲಿಗೆ ಕೆಲಸಕ್ಕೆ ಹೋಗಿರೋದು.

ಪ್ರೇಮಲೀಲಾ ಸೊಪ್ಪು ಬಿಡಿಸುತ್ತಿದ್ದ ಮೊರವನ್ನು ಮೇಜಿನ ಮೇಲೆ, ಅಂದರೆ ಆಫೀಸಿನ ಮೇಲೆಯೇ, ಇಟ್ಟಳು. ಮದುವೆಯಾಗಿ ಬಂದ ಹೊಸದರಲ್ಲಿ ಈ ಮನುಷ್ಯ ಮನೆಗೆ ಬಂದ ಪಾತ್ರೆ ಮಾರುವವನನ್ನು ನೋಯಿಸಬಾರದೆಂದು ಮುಚ್ಚಳ ಕೂರದ ಕುಕ್ಕರ್ ಕೊಂಡಿದ್ದರು. ಅದರಲ್ಲಿ ಬೇಳೆ ಬೇಯದೆ ಆವಿ ಸೋರುತ್ತಿದ್ದ ಸದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು.

ಪ್ರೇಮಲೀಲಾ: ಮೂರು ಜನರನ್ನೂ ಟೆಕ್ನೀಷಿಯನ್ ಮಾಡಿ. ಈಗಲೇ.

ಕರಿಬಸವಯ್ಯ: ಮಠದಲ್ಲಿ ದಾಸೋಹಕ್ಕೆ ಕೂತಾಗ ಎಲ್ಲರಿಗೂ ಒಂದೇ ಸಾಲು ಕಣೇ. ಅದನ್ನ ನೋಡಿ ಬೆಳೆದೋನು ನಾನು. ಇಲ್ಲಿ ಬಂದು ನೀನು ಮೇಲೆ, ನೀನು ಕೆಳಗೆ ಅಂತ ಹೇಗ್ ಹೇಳ್ಲಿ?

ಪ್ರೇಮಲೀಲಾ: ಸಾಲು ಒಂದೇ ರೀ. ಆದ್ರೆ ಬಡಿಸೋ ಸೌಟನ್ನ ಎಲೆ ಮುಂದೆ ಕೂತೋರಿಗೆಲ್ಲ ಒಂದೊಂದು ಕೊಡ್ತಾರಾ? ಕೊಟ್ರೆ ಪಾಯಸ ಯಾವ ಎಲೆಗೆ ಹೋಗುತ್ತೆ, ಹೇಳಿ.

ಕರಿಬಸವಯ್ಯನವರು ಒಂದು ಕ್ಷಣ ಪಾಯಸದ ವಿಚಾರದಲ್ಲಿ ಸೋತರು. ಆದರೆ ಒಳ್ಳೆಯ ಮನುಷ್ಯರಿಗೆ ನೆಪಗಳ ಬರ ಇರುವುದಿಲ್ಲ.

ಕರಿಬಸವಯ್ಯ: ಮನೋಹರಂದು ಒಂದು ಕಷ್ಟ ಇದೆ. ಅವನಿಗೆ ಹೆಣ್ಣು ನೋಡ್ತಿದಾರೆ. ಕಂಪನೀಲಿ ಅಡ್ಮಿನ್ ಆಗಿದೀನಿ ಅಂತ ಹೇಳ್ಬಿಟ್ಟಿದಾನೆ. ಈಗ ಇಳಿಸಿದ್ರೆ ಅವರ ಮುಂದೆ ಏನಾಗ್ಬೇಕು?

ಪ್ರೇಮಲೀಲಾ: ಮದುವೆ ಆದ್ಮೇಲೆ ಹೇಗಿದ್ರೂ ಇಳಿಯೋದೇ. ಈಗಿಂದಲೇ ಅಭ್ಯಾಸ ಆಗ್ಲಿ.

ಕರಿಬಸವಯ್ಯ: ಹಾಗೆ ಒಂದೇ ಏಟಿಗೆ ಇಳಿಸಿದ್ರೆ ಚೆನ್ನಾಗಿರಲ್ಲ. ಒಂದು ಉಪಾಯ ಮಾಡ್ತೀನಿ. ಯಾರಿಗೂ ನೋವಾಗ್ಬಾರ್ದು.

ಒಲೆಯ ಮೇಲೆ ಹಾಲಿತ್ತು. ಉಪಾಯ ಏನೆಂದು ಕೇಳದೆ ಪ್ರೇಮಲೀಲಾ ಒಳಗೆ ಹೋದಳು. ಆ ಉಪಾಯವೋ, ಯಾವ ಅಡ್ಡದಾರಿಯ ಮನುಷ್ಯನಿಗೂ ಹೊಳೆಯುವಂಥದ್ದಲ್ಲ. ಮೊದಲು ತಾನೇ ಕೆಳಗಿಳಿಯಬೇಕು, ಯಜಮಾನನೇ ಟೆಕ್ನೀಷಿಯನ್ ಆದದ್ದು ಕಂಡರೆ ಹುಡುಗರಿಗೆ ಇಳಿದರೂ ಅವಮಾನ ಅನ್ನಿಸದು ಎಂದು ಕರಿಬಸವಯ್ಯನವರು ತಮ್ಮ ಹೆಸರಿನ ಮುಂದೆ ಬೆರಳೊತ್ತಿದರು. ಆ್ಯಪು ಸುಮ್ಮನೆ ಬಿಡಲಿಲ್ಲ. ನಿಮ್ಮ ಅಧಿಕಾರವೆಲ್ಲ ಹೋಗುತ್ತದೆ, ಆಗಬಹುದೇ ಎಂದು ಕೇಳಿತು. ಆಗಬಹುದು ಎಂದರು. ನಿಜವಾಗಿಯೂ ಆಗಬಹುದೇ ಎಂದಿತು. ಇಷ್ಟು ಮರ್ಯಾದೆಯಿಂದ ಅವರನ್ನು ಯಾರಾದರೂ ಕೇಳಿ ಬಹಳ ದಿನವಾಗಿತ್ತು. ಸಂತೋಷದಿಂದಲೇ ಒತ್ತಿದರು.

ಪ್ರೇಮಲೀಲಾ ಕೈ ಒರೆಸಿಕೊಳ್ಳುತ್ತ ಬಂದಾಗ ಅವರು ಫೋನನ್ನು ಕಣ್ಣಿಗೆ ಹತ್ತಿರ ಹಿಡಿಯುವುದು, ದೂರ ಹಿಡಿಯುವುದು ಮಾಡುತ್ತಿದ್ದರು.

ಕರಿಬಸವಯ್ಯ: ಮನೋಹರನ ಹೆಸರು ಕಾಣಿಸ್ತಿಲ್ವಲ್ಲೇ.

ಪ್ರೇಮಲೀಲಾ: ಕನ್ನಡಕ ಹಾಕ್ಕೊಳ್ಳಿ.

ಕರಿಬಸವಯ್ಯ: ಹಾಕ್ಕೊಂಡಿದೀನಿ. ಗೌತಮಂದೂ ಇಲ್ಲ, ಚಂದ್ರಮೌಳಿದೂ ಇಲ್ಲ.

ಪ್ರೇಮಲೀಲಾ: ಮೂರು ಜನರನ್ನೂ ಕೆಲಸದಿಂದಲೇ ತೆಗೆದ್ಬಿಟ್ರಾ? ಇಳಿಸಿ ಅಂದ್ರೆ ಕಳಿಸೇಬಿಟ್ರಾ?

ಕರಿಬಸವಯ್ಯ: ನಾನು ಅವರನ್ನ ಮುಟ್ಟೇ ಇಲ್ಲ. ನಾನು ಇಳಿದಿದೀನಿ.

ಪ್ರೇಮಲೀಲಾ: ಎಲ್ಲಿಂದ?

ಕರಿಬಸವಯ್ಯ: ಅಡ್ಮಿನ್‌ನಿಂದ. ದಾರಿ ತೋರ್ಸೋಣ ಅಂತ.

ಪ್ರೇಮಲೀಲಾ ಕುರ್ಚಿಯನ್ನು ಎಳೆದುಕೊಂಡು ಕೂತಳು. ಅವಳಿಗೆ ಆ್ಯಪಿನ ವಿಚಾರ ಹೆಚ್ಚು ತಿಳಿಯದಿದ್ದರೂ ಗಂಡನ ವಿಚಾರ ತಿಳಿದಿತ್ತು; ಎರಡನ್ನೂ ಸೇರಿಸಿ ಲೆಕ್ಕ ಹಾಕಿದಳು.

ಪ್ರೇಮಲೀಲಾ: ಅಂದ್ರೆ ಈಗ ಇನ್ನೊಬ್ಬರನ್ನ ಇಳಿಸೋ ಅಧಿಕಾರ ನಿಮಗಿಲ್ಲ.

ಕರಿಬಸವಯ್ಯ: ಇಲ್ಲ ಅನ್ಸುತ್ತೆ. ಟೆಕ್ನೀಷಿಯನ್‌ಗೆ ಅವನ ಹೆಸರು ಬಿಟ್ಟು ಬೇರೆ ಯಾರ್ದೂ ಕಾಣಲ್ವೇನೋ.

ಪ್ರೇಮಲೀಲಾ: ನಿಮ್ಮನ್ನ ನೀವೇ ಹತ್ತಿಸ್ಕೊಳ್ಳೋಕೆ?

ಕರಿಬಸವಯ್ಯ: ಅದಕ್ಕೂ ಅಡ್ಮಿನ್ ಬೇಕಂತೆ.

ಫೋನು ಟಿಣ್ ಎಂದಿತು. ಕರಿಬಸವಯ್ಯನವರು ಓದಿದರು. ನಿಮಗೆ ಹೊಸ ಕೆಲಸ ಬಂದಿದೆ, ಮಂಗಳಮ್ಮ, ರಾಜೀವನಗರ. ಮತ್ತೆ ಟಿಣ್. ಇನ್ನೊಂದು ಮನೆ, ನಲ್ಲಿಯಲ್ಲಿ ಸೋರಿಕೆ. ಮತ್ತೆ ಟಿಣ್, ಟಿಣ್. ನಂಜನಗೂಡಿಗೆ ಹೋಗಿದ್ದವರಿಗೂ ರಜೆಯಲ್ಲಿ ಕೆಲಸ ದಾಟಿಸುವ ಈ ಒಂದು ಕೆಲಸಕ್ಕೆ ಬಿಡುವಿತ್ತು. ಕೊನೆಗೆ ಫೋನೇ ಬಂತು. ಮನೋಹರ. ಪ್ರೇಮಲೀಲಾ ಸ್ಪೀಕರ್ ಹಾಕಿಸಿದಳು.

ಮನೋಹರ: ಸಾರ್, ಹೊಸಬನ್ನ ಸೇರಿಸ್ಕೊಂಡ್ರಿ, ನಮ್ಗೆ ಒಂದ್ ಮಾತೂ ಹೇಳ್ಲಿಲ್ವಲ್ಲ.

ಕರಿಬಸವಯ್ಯ: ಯಾವ ಹೊಸಬನಪ್ಪ?

ಮನೋಹರ: ಅದೇ ಸಾರ್, ಟೆಕ್ನೀಷಿಯನ್ನು. ಇಷ್ಟು ದಿನ ಆ ಜಾಗ ಖಾಲಿ ಇತ್ತಲ್ಲ, ಈಗ ಒಬ್ಬ ಅವ್ನೆ. ನಿಮ್ಮೆಸರೇ ಇಟ್ಕೊಂಡವ್ನೆ. ನಿಮ್ಮ ನೆಂಟರ ಪೈಕಿಯೋನಾ?

ಕರಿಬಸವಯ್ಯ: ಹತ್ತಿರದೋನೇ.

ಮನೋಹರ: ನಮ್ದೆಲ್ಲ ಅವನ್ಗೇ ಹಾಕ್ಬುಟ್ವಿ ಸಾರ್. ರಾಜೀವನಗರಾನೂ ಹಾಕ್ಬುಟ್ಟೆ. ಹೊಸಬ್ರಿಗೆ ಮೊದಲ್ನೇ ದಿನವೇ ಕಷ್ಟದ್ದು ಕೊಟ್ಬುಡ್ಬೇಕು. ಇಲ್ದಿದ್ರೆ ಬಗ್ಗಲ್ಲ. ಎಂಗೆ ಸಾರ್, ಕೆಲ್ಸ ಗೊತ್ತಾ ಅವನಿಗೆ?

ಕರಿಬಸವಯ್ಯ: ಒಂದು ಕಾಲಕ್ಕೆ ಗೊತ್ತಿತ್ತು.

ಮನೋಹರ: ಸೋಮಾರಿ ಆದ್ರೆ ಹೇಳಿ, ಒಂದ್ಸಲ ಗದರಿಸ್ಬುಡ್ತೀನಿ.

ಪ್ರೇಮಲೀಲಾ ಫೋನು ತನ್ನ ಕಡೆಗೆ ತಿರುಗಿಸಿಕೊಂಡಳು.

ಪ್ರೇಮಲೀಲಾ: ಮನೋಹರ, ನಾನು ಕಣಪ್ಪ. ನನ್ನ ನಂಬರ್ ಹಾಕಿ ನನ್ನನ್ನೊಂದು ಅಡ್ಮಿನ್ ಮಾಡು.

ಮನೋಹರ: ಮಾಡ್ಬೋದು ಅಮ್ಮಾವ್ರೇ. ಆದ್ರೆ ಸಾರ್‌ನ ಒಂದ್ ಮಾತು ಕೇಳ್ಬೇಕಲ್ವ್ರಾ?

ಪ್ರೇಮಲೀಲಾ: ಸಾರ್ ಈಗ ಟೆಕ್ನೀಷಿಯನ್ನು. ಟೆಕ್ನೀಷಿಯನ್‌ನ ಕೇಳ್ಕೊಂಡು ಏನ್ ಮಾಡ್ತೀಯಾ?

ಆ ಕಡೆ ಸ್ಪ್ಯಾನರ್ ನೀರಿಗೆ ಬಿದ್ದ ಸದ್ದಾಯಿತು.

ಮನೋಹರ: ಆ ಹೊಸಬ, ಸಾರೇನಾ?

ಪ್ರೇಮಲೀಲಾ: ಹೂಂ.

ಮನೋಹರ: ಗದರಿಸ್ತೀನಿ ಅಂದ್ಬುಟ್ನಲ್ಲ ಸಾರ್.

ಕರಿಬಸವಯ್ಯ: ಪರವಾಗಿಲ್ಲ ಬಿಡಪ್ಪ. ಕೆಲಸದ ಮೇಲಿನ ಕಾಳಜಿ ಅದು.

ಮನೋಹರ: ಮತ್ತೆ ಮೇಲಕ್ಕೆ ಹತ್ತಿಸ್ಬುಡ್ಲಾ ಸಾರ್?

ಕರಿಬಸವಯ್ಯ: ಹತ್ತಿಸಪ್ಪ.

ಪ್ರೇಮಲೀಲಾ: ಬೇಡ.

ಮನೋಹರ: ಯಾರ ಮಾತು ಕೇಳ್ಲಿ ಈಗ ನಾನು?

ಪ್ರೇಮಲೀಲಾ: ನೀನು ಅಡ್ಮಿನ್ ಅಲ್ವಾ, ನೀನೇ ನೋಡು. ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಬರ್ತೀಯಾ? ಉಪ್ಸಾರು ಮಾಡ್ತಿದೀನಿ.

ಅಧಿಕಾರ ನಿಜವಾಗಿ ಎಲ್ಲಿದೆ ಎಂಬುದು ಮನೋಹರನಿಗೆ ಆ್ಯಪಿನ ನೆರವಿಲ್ಲದೆಯೇ ಹೊಳೆಯಿತು. ಕಣ್ಣು ಮಿಟುಕಿಸುವುದರಲ್ಲಿ ಪ್ರೇಮಲೀಲಾಳ ಫೋನು ಟಿಣ್ ಎಂದಿತು. ಅವಳು ಸೆರಗಿನಿಂದ ಫೋನಿನ ಗಾಜು ಒರೆಸಿ, ಗಂಡನಿಂದ ಕನ್ನಡಕ ಇಸಿದುಕೊಂಡು, ಮೊದಲು ಗೌತಮನ ಹೆಸರು ಹುಡುಕಿದಳು.

ಕರಿಬಸವಯ್ಯ: ಇಳಿಸೋದಾದ್ರೆ ಸ್ವಲ್ಪ ಮೆಲ್ಲಗೆ ಒತ್ತು ಕಣೇ.

ಅವಳು ದೋಸೆ ಮಗುಚುವಷ್ಟೇ ನಿರಾಳವಾಗಿ ಒತ್ತಿದಳು. ಗೌತಮ ಇಳಿದ, ಚಂದ್ರಮೌಳಿ ಇಳಿದ, ಕೊನೆಗೆ ಅವಳನ್ನು ಹತ್ತಿಸಿದ ಮನೋಹರನೂ ಇಳಿದ.

ಮನೋಹರ: ಅಮ್ಮಾವ್ರೇ, ಹೆಣ್ಣಿನ ಕಡೆಯೋರು ಭಾನುವಾರ ಬತ್ತಾವ್ರೆ.

ಪ್ರೇಮಲೀಲಾ: ಬರ್ಲಿ. ಮಾಡಿಕೊಂಡು ತಿನ್ನೋ ಹುಡುಗ ಅಂತ ನಾನೇ ಹೇಳ್ತೀನಿ. ಈಗ ರಾಜೀವನಗರಕ್ಕೆ ಹೊರಡು.

ಮನೋಹರ: ಇಲ್ಲಿ ಕುಂಬಾರಕೊಪ್ಪಲಲ್ಲಿ ಫಿಲ್ಟರ್ ಪೂರ್ತಿ ಬಿಚ್ಚಿ ಕುಂತಿದೀನಿ. ಈಗ ಎದ್ರೆ ಈ ಮನೆಯೋರು ನನ್ನ ಕಾಲು ಕಟ್ಟಾಕ್ತಾರೆ. ಅಡುಗೆಮನೇಲಿ ಪಾದ ಮುಳುಗೋವಷ್ಟು ನೀರು.

ಪ್ರೇಮಲೀಲಾ ಫೋನಿಟ್ಟು ಗಂಡನ ಕಡೆ ತಿರುಗಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಅವರು ಆಗಲೇ ಕಿಟಕಿಯ ಆಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಪ್ರೇಮಲೀಲಾ: ಆ ಅಂಗಿ ಬಿಚ್ಚಿ. ಹಳೇದು ಹಾಕ್ಕೊಳ್ಳಿ.

ಕರಿಬಸವಯ್ಯ: ನಾನಾ? ನಾನು ಯಜಮಾನ ಕಣೇ.

ಪ್ರೇಮಲೀಲಾ: ನಿಮ್ಮ ಫೋನಲ್ಲಿ ಹಾಗೆ ಬರ್ದಿದ್ರೆ ತೋರ್ಸಿ.

ಕರಿಬಸವಯ್ಯ: ಮಂಗಳಮ್ಮ ಗುರುತು ಹಿಡಿದ್ರೆ ಮಾನ ಹೋಗುತ್ತೆ. ದಿನಾ ನಾನೇ ಹುಡುಗರು ಹೊರಟ್ರು, ಹೊರಟ್ರು ಅಂತ ಹೇಳಿದೀನಿ.

ಪ್ರೇಮಲೀಲಾ: ಆಕೆ ನಿಮ್ಮ ದನಿ ಕೇಳಿದಾರೆ, ಮುಖ ನೋಡಿಲ್ಲ. ಬಾಯಿ ಬಿಡ್ಬೇಡಿ, ಕೆಲಸ ಮಾಡಿ.

ಕರಿಬಸವಯ್ಯ: ಬಂದ್ಮೇಲಾದ್ರೂ ಅಡ್ಮಿನ್ ಮಾಡ್ತೀಯಾ?

ಪ್ರೇಮಲೀಲಾ: ಮೊದಲು ಮಂಗಳಮ್ಮನ ಫೋನ್ ಬರ್ಲಿ.

ಅವರು ಹೋದರು. ಸ್ಕೂಟರು ಎರಡು ಸಲ ಕೆಮ್ಮಿ, ಹಳೆಯ ಪರಿಚಯ ನೆನೆದು ಹೊರಟಿತು. ಪ್ರೇಮಲೀಲಾ ಸೊಪ್ಪು ಬಿಡಿಸಿ ಮುಗಿಸಿದಳು, ಸಾರು ಮಾಡಿದಳು, ಒದ್ದೆ ಪ್ಯಾಂಟಿನಲ್ಲಿ ಬಂದ ಮನೋಹರನಿಗೆ ಬಡಿಸಿದಳು. ಬಡಿಸುತ್ತ ಬಡಿಸುತ್ತಲೇ ನಾಳೆಯ ಕೆಲಸವನ್ನೆಲ್ಲ ಮೂವರಿಗೂ ಹಂಚಿದಳು. ಯಾರ ಕೆಲಸವೂ ಯಾರ ಹೆಸರಿಗೂ ದಾಟಲಿಲ್ಲ. ಮನಸ್ಸು ಮಾತ್ರ ರಾಜೀವನಗರದಲ್ಲಿತ್ತು. ಕೈ ಮರೆತಿರುತ್ತದೋ ಏನೋ, ಹೊಸ ಫಿಲ್ಟರುಗಳೇ ಬೇರೆ, ಅರ್ಧ ಬಿಚ್ಚಿಟ್ಟು ಮಂಗಳಮ್ಮನಿಗೆ ನಮಸ್ಕಾರ ಹಾಕಿ ಬಂದುಬಿಟ್ಟರೆ ಗತಿಯೇನು ಎಂದು ಮತ್ತೆ ಮತ್ತೆ ಫೋನಿನ ಕಡೆ ನೋಡುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಮನೆಯ ಫೋನಿಗೆ ಮಂಗಳಮ್ಮನ ಕರೆ ಬಂತು. ಅದಾದ ಮೇಲೆ ಕರಿಬಸವಯ್ಯನವರೂ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು, ಮೊಣಕೈಗೆ ಕಪ್ಪು ಮೆತ್ತಿತ್ತು, ಮುಖದಲ್ಲಿ ಮಾತ್ರ ಪರೀಕ್ಷೆ ಪಾಸಾದವನ ಕಳೆ.

ಕರಿಬಸವಯ್ಯ: ನೀರು ಹೆಂಗ್ ಬಂತು ಗೊತ್ತಾ, ಕನ್ನಡಿ ಥರ. ಒಂದು ಮಾತಾಡ್ಲಿಲ್ಲ ನಾನು. ಮಂಗಳಮ್ಮ ಏನಂದ್ರು?

ಪ್ರೇಮಲೀಲಾ: ಕಾಂಟ್ರಾಕ್ಟು ನಮಗೇ. ತಂಗೀದು, ನಾದಿನೀದು, ಓರಗಿತ್ತೀದು, ಎಲ್ಲಾ ನಮಗೇ.

ಕರಿಬಸವಯ್ಯ: ನೋಡ್ದಾ. ಹಾಗಾದ್ರೆ ಈಗ ಅಡ್ಮಿನ್ ಮಾಡು.

ಪ್ರೇಮಲೀಲಾ: ಒಂದು ಷರತ್ತು ಹಾಕಿದಾರೆ. ಇವತ್ತು ಬಂದ ಹುಡುಗನೇ ಎಲ್ಲಾ ಹಾಸ್ಟೆಲ್‌ಗೂ ಬರ್ಬೇಕಂತೆ. ಬೇರೆಯೋರು ಬಂದ್ರೆ ಗೇಟು ತೆಗೆಯಲ್ವಂತೆ.

ಕರಿಬಸವಯ್ಯನವರು, ಹುಡುಗ ಎಂದದ್ದಕ್ಕೆ ನಗುವುದೋ, ಷರತ್ತಿಗೆ ಅಳುವುದೋ ಗೊತ್ತಾಗದೆ ಬಾಗಿಲಲ್ಲೇ ಕೂತರು. ಪ್ರೇಮಲೀಲಾ ಒಂದು ಲೋಟ ಮಜ್ಜಿಗೆ ತಂದು ಕೈಗಿಟ್ಟಳು.

ಕರಿಬಸವಯ್ಯ: ಓನರ್ ಬಗ್ಗೆ ಏನೂ ಕೇಳ್ಲಿಲ್ವಾ?

ಪ್ರೇಮಲೀಲಾ: ಕೇಳಿದ್ರು. ನಿಮ್ಮ ಯಜಮಾನ್ರು ಏನ್ ಮಾಡ್ಕೊಂಡಿದಾರೆ ಈಗ ಅಂತ.

ಕರಿಬಸವಯ್ಯ: ಏನಂದೆ?

ಪ್ರೇಮಲೀಲಾ: ಇವತ್ತಿಂದ ಒಂದು ಕಡೆ ಕೆಲಸಕ್ಕೆ ಹೋಗ್ತಿದಾರೆ ಅಂದೆ.