ಎಡಕ್ಕೆ ಹೋಗಬೇಕಾದ ಮೈನಸ್ ಮೂರು

ನನ್ನ ಸೋದರಮಾವನನ್ನು ಮನೆಗೆ ಕರೆಯುವ ಆಸೆ ನಿಮಗಿದ್ದರೆ ಮೊದಲು ನಿಮ್ಮ ಹಾಲಿನ ಟೈಲ್ಸು ಚೌಕವೋ ಉದ್ದುದ್ದವೋ ನೋಡಿಕೊಳ್ಳಿ. ಆಮೇಲೆ ಪಕ್ಕದ ಮನೆಯವರೊಂದಿಗೆ ನಿಮ್ಮ ಸಂಬಂಧ ಹೇಗಿದೆ ಎಂದು ವಿಚಾರಿಸಿಕೊಳ್ಳಿ. ಎರಡೂ ಸರಿಯಿದ್ದರೆ ಧಾರಾಳವಾಗಿ ಕರೆಯಿರಿ, ನನ್ನ ಅಭ್ಯಂತರವೇನಿಲ್ಲ!

ಮಾವ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತು ಕಬ್ಬಿಣವನ್ನು ದುಂಡಗೆ ಕಡೆದವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಒಪ್ಪದ ಆಸಾಮಿ. ನಿವೃತ್ತರಾದ ಮೇಲೆ ಕಡೆಯಲು ಕಬ್ಬಿಣ ಸಿಗದೆ ನಮ್ಮನ್ನೇ ಹಿಡಿದುಕೊಂಡರು. ತಟ್ಟೆಗೆ ಚಪಾತಿ ಬಿದ್ದ ಕೂಡಲೇ ಅದನ್ನೊಂದು ಸುತ್ತು ತಿರುಗಿಸಿ ನೋಡಿ, "ಇಲ್ಲೊಂಚೂರು ರೌಂಡು ಔಟಾಗಿದೆ ಕಣಮ್ಮ" ಎನ್ನುತ್ತಾರೆ. ತಿನ್ನುವುದನ್ನು ಮಾತ್ರ ಬಿಡುವುದಿಲ್ಲ.

ಇಂಥವರ ಮುಂದೆ ನಾನು ಬಾಯಿತಪ್ಪಿ ಮಗಳ ವಿಷಯ ಹೇಳಿದೆ. ಅವಳು ಮೊದಲ ಪಿಯುಸಿ. ಗಣಿತದ ಟೆಸ್ಟಿನಲ್ಲಿ ಫೇಲಾಗಿದ್ದಳು. ವೃತ್ತದ ಸಮೀಕರಣ, ಅದರ ಗ್ರಾಫು, ಒಂದೂ ತಲೆಗೆ ಹತ್ತಿರಲಿಲ್ಲ. ಅದಕ್ಕಿಂತ ನನಗೆ ಸಂಕಟವಾದದ್ದು ಅವಳ ಮಾತಿನಿಂದ. "ಕ್ಲಾಸಲ್ಲಿ ಕೇಳೋಕೆ ಭಯ ಅಮ್ಮ, ಎಲ್ರೂ ನಗ್ತಾರೆ. ನಾನು ಸೈನ್ಸೇ ಬಿಟ್ಬುಡ್ತೀನಿ" ಎಂದು ರೂಮು ಸೇರಿದವಳು ಊಟದ ಹೊತ್ತು ಬಿಟ್ಟರೆ ಹೊರಗೆ ಬರುತ್ತಿರಲಿಲ್ಲ.

"ಸರ್ಕಲ್ ತಾನೇ? ನಾನಿದ್ದೀನಲ್ಲಮ್ಮ!" ಎಂದರು ಮಾವ. ಮಾರನೆಯ ದಿನದಿಂದಲೇ ದಟ್ಟಗಳ್ಳಿಯಿಂದ ಕುವೆಂಪುನಗರದ ನಮ್ಮ ಮನೆಗೆ ಪ್ರತಿ ಸಂಜೆ ಅವರ ಸ್ಕೂಟರ್ ಸವಾರಿ ಶುರುವಾಯಿತು.

ಮೊದಲ ದಿನ ಪುಸ್ತಕ ತೆರೆದರು. ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್ ಈಕ್ವಲ್ ಟು ಇಪ್ಪತ್ತೈದು. "ಇದೇನಮ್ಮ, ದುಂಡಗಿದೆ ಅಂತ ಹೇಳೋಕೆ ಇಷ್ಟೊಂದು ಸ್ಕ್ವೇರ್ ಯಾಕೆ?" ಎಂದು ನನ್ನನ್ನು ಕೇಳಿದರು. ಕಾಮರ್ಸ್ ಓದಿದ ನನಗೇನು ಗೊತ್ತು? ಇಪ್ಪತ್ತೈದು ಎಂದರೆ ತ್ರಿಜ್ಯವೇ ಇಪ್ಪತ್ತೈದು ಎಂದು ತಾವೇ ತೀರ್ಮಾನಿಸಿ, ಇಪ್ಪತ್ತೈದಡಿ ಹಗ್ಗ ಹಿಡಿದು ತಾರಸಿ ಹತ್ತಿದರು. ನಮ್ಮ ತಾರಸಿ ಇರುವುದೇ ಮೂವತ್ತಕ್ಕೆ ನಲವತ್ತು! ನಟ್ಟನಡುವೆ ಹಗ್ಗದ ಒಂದು ತುದಿ ಹಿಡಿದು ಕೂರುವ ಕೆಲಸ ನನ್ನದು. ಇನ್ನೊಂದು ತುದಿ ಹಿಡಿದ ಮಾವ ಅಂಚಿನ ಗೋಡೆ ಮುಟ್ಟಿದರೂ ಹಗ್ಗ ಹತ್ತಡಿ ಮಿಕ್ಕಿತ್ತು. ಮಿಕ್ಕದ್ದನ್ನು ಪಕ್ಕದ ಮನೆಯ ಕಡೆಗೆ ಎಸೆದರು.

"ಏನ್ ಸಾರ್, ಸೈಟ್ ಅಳೀತಿದ್ದೀರಾ?" ಎಂದು ಆ ಮನೆಯಾಕೆ ಕೆಳಗಿನಿಂದ ಕೂಗಿದರು.

"ಇಲ್ಲ ಕಣಮ್ಮ! ನಿಮ್ಮ ಅಡುಗೆಮನೆ ನಮ್ಮ ಸರ್ಕಲ್ ಒಳಗಡೆ ಬರ್ತಾ ಇದೆ, ಅಷ್ಟೇ!"

ಅರ್ಧ ಗಂಟೆಯೊಳಗೆ ಆಕೆಯ ಯಜಮಾನರು ಕ್ರಯಪತ್ರದ ಜೆರಾಕ್ಸ್ ಸಮೇತ ನಮ್ಮ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಕಾಫಿ ಕೊಟ್ಟು ಸಮಾಧಾನ ಮಾಡುತ್ತಿರುವಾಗ ಮುಚ್ಚಿದ ರೂಮಿನೊಳಗಿನಿಂದ ಮಗಳ ದನಿ ಬಂತು: "ಅಮ್ಮಾ, ಇಪ್ಪತ್ತೈದು ಅನ್ನೋದು ಆರ್ ಸ್ಕ್ವೇರ್. ತ್ರಿಜ್ಯ ಬರೀ ಐದು!"

ಎರಡನೆಯ ದಿನ ಸೋಫಾ ಸರಿಸಿ ಹಾಲಿನಲ್ಲೇ ಪಾಠ. ಟೈಲ್ಸು ಎಣಿಸಿ ಬಲಕ್ಕೆ ಐದು, ಮುಂದಕ್ಕೆ ಐದು, ಬಲಕ್ಕೆ ಮೂರು ಹೋಗಿ ಮುಂದಕ್ಕೆ ನಾಲ್ಕು, ಹಾಗೇ ಎಡಕ್ಕೂ ಹಿಂದಕ್ಕೂ ಎಂದು ಸೀಮೆಸುಣ್ಣದಲ್ಲಿ ಚುಕ್ಕಿಯಿಟ್ಟು ಸೇರಿಸಿದರು. ನೋಡಿದರೆ ಮೊಟ್ಟೆ! ಮಾವ ತಲೆಯ ಮೇಲೆ ಕೈಹೊತ್ತು ಕೂತರು. "ನನ್ನ ಕೈಲಿ ಇಂಥದ್ದು ಬಂತಲ್ಲಮ್ಮ!" ಅವರ ಗೋಳು ಕೇಳಲಾರದೆ ಮಗಳು ಹೊರಗೆ ಬಂದಳು.

"ತಾತ, ಈ ಟೈಲ್ಸ್ ಉದ್ದ ಜಾಸ್ತಿ, ಅಗಲ ಕಮ್ಮಿ. ಎರಡೂ ಕಡೆ ಅಳತೆ ಒಂದೇ ಇರ್ಬೇಕು" ಎಂದು ಅಲ್ಲೇ ಕೂತು, ಮೊಟ್ಟೆ ಒರೆಸಿ ವೃತ್ತ ಬರೆದಳು. ನಾನು ಮೆಲ್ಲಗೆ ಅಡುಗೆಮನೆಗೆ ಸರಿದೆ.

ಆಮೇಲೆ ಬಂತು ನೋಡಿ ಮೈನಸ್! ಎಕ್ಸ್ ಮೈನಸ್ ಮೂರು ಎಂದಿದ್ದರೆ ವೃತ್ತದ ಕೇಂದ್ರ ಬಲಕ್ಕೆ ಮೂರು ಟೈಲ್ಸು ಸರಿಯುತ್ತದಂತೆ. ಮಾವ ಸುತರಾಂ ಒಪ್ಪಲಿಲ್ಲ. "ಮೈನಸ್ ಅಂದ್ರೆ ಎಡಕ್ಕೆ! ಲೋಕಕ್ಕೆಲ್ಲ ಎಡಕ್ಕೆ, ಇವರಿಗೆ ಮಾತ್ರ ಬಲಕ್ಕಾ?" ಎಂದು ಎಡಗಡೆಯ ಮೂರನೇ ಟೈಲ್ಸಿನ ಮೇಲೆ ನಿಂತೇಬಿಟ್ಟರು. ಮಗಳು ಒಂದು ಸಲ ಹೇಳಿದಳು, ಮೂರು ಸಲ ಹೇಳಿದಳು, ಒಂದು ವಾರ ಹೇಳಿದಳು. ಕೇಳಿ ಕೇಳಿ ನನಗೂ ತಲೆ ಕೆಟ್ಟು, ನಮ್ಮ ಮನೆಯ ಎಡ ಯಾವುದು ಬಲ ಯಾವುದು ಎಂದೇ ಅನುಮಾನವಾಯಿತು.

"ತಾತ, ಸ್ಕೂಟರ್ ಮೀಟರಲ್ಲಿ ಈಗಿರೋದ್ರಿಂದ ಹೊರಟಾಗ ಇದ್ದಿದ್ದು ಕಳೆದ್ರೆ ತಾನೇ ನೀವು ಬಂದ ದೂರ? ಇಲ್ಲೂ ಅಷ್ಟೇ. ಕೇಂದ್ರ ಮೂರರಲ್ಲಿದ್ರೆ ಮೂರು ಕಳೀಬೇಕು."

ಮಾವನ ಮುಖ ಅರಳಿತು. ಎದ್ದು ಸ್ಕೂಟರ್ ಹತ್ತಿರ ಓಡಿದರು. ಓಡಿದಷ್ಟೇ ವೇಗದಲ್ಲಿ ವಾಪಸು ಬಂದರು.

"ಮೀಟರ್ ಕೆಟ್ಟು ನಾಲ್ಕು ವರ್ಷ ಆಯ್ತು ಕಣೇ! ಬೇರೆ ಏನಾದ್ರೂ ಹೇಳು."

ನನಗೆ ರೇಗಿತು. "ಮಾವ, ಬುಡಿ ಸಾಕು. ನೀವೇನು ಪರೀಕ್ಷೆ ಬರೀಬೇಕಾ?" ಎಂದುಬಿಟ್ಟೆ. ಅವರು ಸ್ಕೂಟರ್ ಹತ್ತಿ ಹೊರಟರು. ಮರುದಿನ ಮತ್ತೆ ಬಂದರು.

ತಿಂಗಳಾದ ಮೇಲೆ ಕಾಲೇಜಿನಲ್ಲಿ ಪೋಷಕರ ಸಭೆ. ಮಾವನನ್ನು ಗೇಟಿನ ಬಳಿ ನಿಲ್ಲಿಸಿ ಒಳಗೆ ಹೋದೆ. ಗಣಿತದ ಮೇಷ್ಟ್ರು, "ನಿಮ್ಮ ಮಗಳದ್ದು ಒಂದೇ ತೊಂದರೆ ಮೇಡಂ. ವಿಪರೀತ ಪ್ರಶ್ನೆ ಕೇಳ್ತಾಳೆ" ಎಂದರು. "ಆ ಮೈನಸ್ ಅವಳಿಗೆ ಚೆನ್ನಾಗಿ ಅರ್ಥ ಆಗಿದೆ. ಮನೇಲಿ ಇನ್ಯಾರಿಗೋ ಆಗ್ಲಿಲ್ವಂತೆ. ಇನ್ನೂ ಸುಲಭವಾಗಿ ಹೇಗೆ ಹೇಳೋದು ಸಾರ್ ಅಂತ ಕ್ಲಾಸಲ್ಲಿ ದಿನಾ ಎದ್ದು ನಿಲ್ತಾಳೆ. ಹುಡುಗರು ನಕ್ಕರೂ ಕೂರಲ್ಲ."

ಹೊರಗೆ ಬಂದು ಮಾವನಿಗೆ ಹೇಳಿದೆ. ಅವರು ರಸ್ತೆಯ ಕಡೆ ತಿರುಗಿ ಹೇಳಿದರು:

"ಪಿಯುಸೀಲಿ ನಂಗೂ ಈ ಸರ್ಕಲ್ಲೇ ಅರ್ಥ ಆಗಿರ್ಲಿಲ್ಲ ಕಣಮ್ಮ. ಒಂದ್ಸಲ ಎದ್ದು ಕೇಳ್ದೆ. ಕ್ಲಾಸೆಲ್ಲ ನಕ್ಬುಡ್ತು. ನಾಚ್ಕೆ ಆಗಿ ಕೂತ್ಕಂಡೆ. ಮಾರನೇ ದಿನದಿಂದ ಕಾಲೇಜಿಗೇ ಹೋಗ್ಲಿಲ್ಲ."

ಅವತ್ತು ರೇಗಿದ್ದಕ್ಕೆ ಕ್ಷಮೆ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಮಗಳು ಓಡಿ ಬಂದು ಅವರ ಕೈಹಿಡಿದಳು.

"ತಾತ, ಸಾರ್ ಇನ್ನೊಂದು ದಾರಿ ಹೇಳ್ಕೊಟ್ರು. ಬನ್ನಿ, ಮನೆಗೆ ಹೋಗೋಣ. ಅರ್ಥ ಆಗೋವರ್ಗೂ ಹೇಳ್ತೀನಿ."

ಮಾವ ಅವಳ ತಲೆಯ ಮೇಲೆ ಕೈಯಿಟ್ಟು, ನಡುಬೀದಿಯಲ್ಲಿ ಮಗುವಿನಂತೆ ಅತ್ತುಬಿಟ್ಟರು.